ಕುಸಿದ ಸರ್ವರಿನ ಕೊನೆಯ ಸಾಕ್ಷ್ಯ



ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನವನ್ನು ಊಹಿಸಿಕೊಳ್ಳಿ. ಸಾವಿರಾರು ಮಂದಿ ಒಂದೇ ಹೊತ್ತಿಗೆ ತಮ್ಮ ನೋಂದಣಿ ಸಂಖ್ಯೆಯನ್ನು ಒತ್ತುತ್ತಾರೆ. ಅಷ್ಟರಲ್ಲಿ ಉತ್ತರ ಕೊಡಬೇಕಾದ ಸರ್ವರ್ ಥಟ್ಟನೆ ನಿಂತುಹೋಗುತ್ತದೆ. ಯಾರೋ ಓಡಿಬಂದು ಅದನ್ನು ಮತ್ತೆ ಚಾಲೂ ಮಾಡುತ್ತಾರೆ, ಕೆಲಸ ಮುಂದುವರಿಯುತ್ತದೆ. ಆದರೆ ಅದು ನಿಂತದ್ದು ಏಕೆ? ಉತ್ತರವಿದ್ದದ್ದು ಮೆಮೊರಿಯಲ್ಲಿ. ಮರುಚಾಲನೆಯ ಜೊತೆಗೇ ಅದೂ ಅಳಿಸಿಹೋಯಿತು. ಕಾರಣ ತಿಳಿಯದೆ ಎಬ್ಬಿಸಿದ ಯಂತ್ರ ನಾಳೆ ಮತ್ತೆ ಬೀಳಬಹುದು.

ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನೆಲ್ ಎಂದು ಹೆಸರು. ಚೇತರಿಸಿಕೊಳ್ಳಲಾಗದ ದೋಷ ಎದುರಾದಾಗ ಕರ್ನೆಲ್ ತನ್ನ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಇದನ್ನು ಕರ್ನೆಲ್ ಪ್ಯಾನಿಕ್ ಎನ್ನುತ್ತಾರೆ. ಆ ಕ್ಷಣದ ಮೆಮೊರಿಯನ್ನು ಫೈಲ್ ರೂಪದಲ್ಲಿ ಉಳಿಸಿಕೊಂಡರೆ ಅದೇ ಕ್ರ್ಯಾಶ್ ಡಂಪ್. ಆದರೆ ಉಳಿಸುವವರು ಯಾರು? ಕೆಟ್ಟುನಿಂತ ಕರ್ನೆಲ್‌ಗೇ ಆ ಕೆಲಸ ಒಪ್ಪಿಸುವಂತಿಲ್ಲ. ಅದು ಡಿಸ್ಕಿನಲ್ಲಿ ತಪ್ಪು ಜಾಗಕ್ಕೆ ಬರೆದು ಒಳ್ಳೆಯ ಫೈಲುಗಳನ್ನೂ ಕೆಡಿಸಬಹುದು.

ಲಿನಕ್ಸ್‌ನಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಅದರ ಹೆಸರು ಕೆಡಂಪ್. 2005ರಲ್ಲಿ ಕರ್ನೆಲ್‌ನ 2.6.13ನೆಯ ಆವೃತ್ತಿಯೊಂದಿಗೆ ಇದು ಬಂತು. ಅದೇ ವರ್ಷ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ವಿಚಾರಸಂಕಿರಣಕ್ಕೆ ವಿವೇಕ್ ಗೋಯಲ್, ಎರಿಕ್ ಬೀಡರ್‌ಮನ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಅವರು ಇದನ್ನು ಕುರಿತು ಪ್ರಬಂಧ ಬರೆದರು. ಉಪಾಯ ಇಷ್ಟೇ: ಮೆಮೊರಿಯ ಒಂದು ಭಾಗವನ್ನು ಮೊದಲೇ ಕಾದಿರಿಸಿ, ಅದರಲ್ಲಿ ಎರಡನೆಯ ಕರ್ನೆಲ್ ಒಂದನ್ನು ಸಿದ್ಧವಾಗಿಡುವುದು. ಮೊದಲನೆಯದು ಬಿದ್ದಾಗ ಎರಡನೆಯದು ಎದ್ದು, ಉಳಿದ ಮೆಮೊರಿಯನ್ನು ಓದಿ ಡಿಸ್ಕಿಗೆ ಬರೆಯುತ್ತದೆ. ನಡುವೆ ಬಯಾಸ್‌ಗೆ ಅವಕಾಶವಿಲ್ಲ. ಹಾಗಾಗಿ ಹಳೆಯ ಮೆಮೊರಿ ಅಳಿಸುವುದಿಲ್ಲ.

ಇಷ್ಟಾದರೂ ಎಷ್ಟೋ ಸರ್ವರುಗಳಲ್ಲಿ ಕುಸಿತದ ನಂತರ ಹುಡುಕಿದರೆ ಡಂಪ್ ಸಿಗುವುದಿಲ್ಲ. ಏಕೆ? ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು.

ಒಂದನೆಯದು, ಮೆಮೊರಿ ನಿಜವಾಗಿ ಕಾದಿರಿಸಲ್ಪಟ್ಟಿದೆಯೇ? ಬೂಟ್ ಆಗುವಾಗ 'ಕ್ರ್ಯಾಶ್‌ಕರ್ನೆಲ್' ಎಂಬ ಸೂಚನೆಯಲ್ಲಿ, ಉದಾಹರಣೆಗೆ 256 ಎಂ.ಬಿ. ಎಂದು, ಅಳತೆ ಕೊಡಬೇಕು. ಸೂಚನೆ ಬರೆದು ಯಂತ್ರವನ್ನು ಮರುಚಾಲನೆ ಮಾಡದಿದ್ದರೆ ಫಲವಿಲ್ಲ. 'ಕೆಕ್ಸೆಕ್ ಕ್ರ್ಯಾಶ್ ಸೈಜ್' ಎಂಬ ಫೈಲಿನಲ್ಲಿ 26,84,35,456 ಎಂದಿದ್ದರೆ 256 ಎಂ.ಬಿ. ಸಿಕ್ಕಿದೆ ಎಂದರ್ಥ. 0 ಇದ್ದರೆ ಏನೂ ಸಿಕ್ಕಿಲ್ಲ.

ಎರಡನೆಯದು, ಆ ಜಾಗದಲ್ಲಿ ಕರ್ನೆಲ್ ಕುಳಿತಿದೆಯೇ? 'ಕೆಕ್ಸೆಕ್ ಕ್ರ್ಯಾಶ್ ಲೋಡೆಡ್' ಎಂಬ ಫೈಲಿನಲ್ಲಿ 1 ಇರಬೇಕು. 0 ಇದ್ದರೆ ಕೆಡಂಪ್ ಸೇವೆ ಆರಂಭವಾಗಿಲ್ಲ. ಕಾರಣವನ್ನು ಆ ಸೇವೆಯ ಲಾಗ್‌ನಲ್ಲಿ ನೋಡಬೇಕು.

ಮೂರನೆಯದು, ಎದ್ದ ಕರ್ನೆಲ್ ಬರೆದು ಮುಗಿಸಬಲ್ಲದೇ? ತೊಡಕುಗಳು ಹೆಚ್ಚಾಗಿ ಇಲ್ಲೇ ಅಡಗಿರುತ್ತವೆ. ಕಾದಿರಿಸಿದ ಜಾಗ ಸಾಲದೆ ಎರಡನೆಯ ಕರ್ನೆಲ್ ತಾನೇ ಬೀಳಬಹುದು. ಡಿಸ್ಕಿನ ಅಥವಾ ನೆಟ್‌ವರ್ಕಿನ ಡ್ರೈವರ್ ಅದರ ಜೊತೆಗೆ ಇಲ್ಲದಿರಬಹುದು. ಡಿಸ್ಕ್ ತುಂಬಿರಬಹುದು. ಒಂದು ಲೆಕ್ಕ ಮಾಡೋಣ. ಸರ್ವರಿನಲ್ಲಿ 256 ಜಿ.ಬಿ. ಮೆಮೊರಿ ಇದೆ, ಡಿಸ್ಕು ಸೆಕೆಂಡಿಗೆ 200 ಎಂ.ಬಿ. ಬರೆಯುತ್ತದೆ ಎಂದುಕೊಳ್ಳಿ. ಎಲ್ಲವನ್ನೂ ಬರೆಯಲು ಸುಮಾರು 22 ನಿಮಿಷ ಬೇಕು. ಯಂತ್ರ ಉತ್ತರಿಸುತ್ತಿಲ್ಲವೆಂದು ಅಷ್ಟರೊಳಗೆ ಯಾರಾದರೂ ಸ್ವಿಚ್ ಒತ್ತಿದರೆ ಸಾಕ್ಷ್ಯ ಅರ್ಧಕ್ಕೇ ನಿಂತಿತು. ಈ ಕಾರಣಕ್ಕಾಗಿಯೇ 'ಮೇಕ್‌ಡಂಪ್‌ಫೈಲ್' ಎಂಬ ಸಾಧನ ಖಾಲಿ ಪುಟಗಳನ್ನೂ ತನಿಖೆಗೆ ಬೇಡದ ಇತರ ಪುಟಗಳನ್ನೂ ಬಿಟ್ಟು, ಉಳಿದುದನ್ನು ಸಂಕುಚಿಸಿ ಬರೆಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಸ್ತಬ್ಧವಾದ ಯಂತ್ರಕ್ಕೂ ಕುಸಿದ ಯಂತ್ರಕ್ಕೂ ವ್ಯತ್ಯಾಸವುಂಟು. ಸುಮ್ಮನೆ ಸ್ತಬ್ಧವಾದಾಗ ಪ್ಯಾನಿಕ್ ಆಗುವುದಿಲ್ಲ, ಹಾಗಾಗಿ ಎರಡನೆಯ ಕರ್ನೆಲ್ ಏಳುವುದೂ ಇಲ್ಲ. ಬಹಳ ಹೊತ್ತು ಸ್ತಬ್ಧವಾದರೆ ಪ್ಯಾನಿಕ್ ಆಗು ಎಂದು ಕರ್ನೆಲ್‌ಗೆ ಮೊದಲೇ ತಿಳಿಸಿಡಬೇಕು.

ಈ ಮೂರೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಡುವ ಪರೀಕ್ಷೆ ಒಂದೇ. ಯಂತ್ರವನ್ನು ಬೇಕೆಂದೇ ಬೀಳಿಸಿ ನೋಡುವುದು. 'ಸಿಸ್‌ಆರ್‌ಕ್ಯೂ ಟ್ರಿಗರ್' ಎಂಬ ಫೈಲಿಗೆ 'ಸಿ' ಎಂಬ ಒಂದಕ್ಷರ ಬರೆದರೆ ಕರ್ನೆಲ್ ಆ ಕ್ಷಣವೇ ಕುಸಿಯುತ್ತದೆ. ಜನ ಬಳಸುತ್ತಿರುವ ಸರ್ವರಿನಲ್ಲಿ ಹಾಗೆ ಮಾಡಬೇಡಿ. ನಿಮ್ಮ ಕಂಪ್ಯೂಟರಿನೊಳಗೇ ಒಂದು ವರ್ಚುವಲ್ ಯಂತ್ರ ನಿರ್ಮಿಸಿ, ಅದರಲ್ಲಿ ಮಾಡಿ. ಸ್ಟುಡಿಯೋದ ಜನರೇಟರನ್ನು ನಾವು ವಿದ್ಯುತ್ ಹೋಗುವವರೆಗೆ ಕಾದು ಪರೀಕ್ಷಿಸುವುದಿಲ್ಲ. ವಿದ್ಯುತ್ ಇರುವಾಗಲೇ ಓಡಿಸಿ ನೋಡುತ್ತೇವೆ. ಇದೂ ಹಾಗೆಯೇ.

ಡಂಪ್ ಸಿಕ್ಕಿತೆನ್ನಿ. ಅದನ್ನು ಓದಲು 'ಕ್ರ್ಯಾಶ್' ಎಂಬ ಸಾಧನವಿದೆ. ಕುಸಿದ ಕರ್ನೆಲ್‌ನದೇ ಆವೃತ್ತಿಯ ಡೀಬಗ್ ಮಾಹಿತಿ ಜೊತೆಗಿರಬೇಕು. ಆವೃತ್ತಿ ಬೇರೆಯಾದರೆ ಓದಲಾಗದು. ಡಂಪ್ ಎಂದರೆ ಮೆಮೊರಿಯ ಪ್ರತಿ. ಅದರಲ್ಲಿ ಜನರ ಪಾಸ್‌ವರ್ಡ್‌ಗಳೂ ಖಾಸಗಿ ವಿವರಗಳೂ ಇರಬಹುದು. ಅದನ್ನು ಕಂಡಕಂಡವರ ಕೈಗೆ ಕೊಡಬಾರದು.

ನಿಮ್ಮಲ್ಲಿ ಕೆಲವರು ಮುಂದೆ ಆಸ್ಪತ್ರೆಯ, ಬ್ಯಾಂಕಿನ, ರೈಲ್ವೆಯ ಸರ್ವರುಗಳನ್ನು ನೋಡಿಕೊಳ್ಳುವಿರಿ. ಯಂತ್ರ ಬಿದ್ದಾಗ ಎಬ್ಬಿಸುವುದಷ್ಟೇ ಆ ಕೆಲಸವಲ್ಲ. ಏಕೆ ಬಿತ್ತೆಂದು ಹೇಳಬಲ್ಲವರೇ ಅದು ಮತ್ತೆ ಬೀಳದಂತೆ ತಡೆಯಬಲ್ಲರು. ಅದಕ್ಕೆ ಬೇಕಾದ ಏರ್ಪಾಡನ್ನು ಬೀಳುವ ಮೊದಲೇ ಮಾಡಿ, ಪರೀಕ್ಷಿಸಿಯೂ ಇರಬೇಕು.