ಕೂಸಿನ ಮನೆಯ ರಟ್ಟಿನ ಪುಸ್ತಕ: ಸವೆದರೆ ನಷ್ಟವಲ್ಲ



2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಕೂಸಿನ ಮನೆಗಳು ದುಡಿಯುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳ ಆರೈಕೆಗೆಂದು ರೂಪುಗೊಂಡವು. ಈ ವಯಸ್ಸಿನ ಕೂಸು ಪುಸ್ತಕವನ್ನು ಓದುವುದಿಲ್ಲ. ಮುಟ್ಟುತ್ತದೆ, ಎಳೆಯುತ್ತದೆ, ಬಾಯಿಗಿಡುತ್ತದೆ. ದಪ್ಪ ರಟ್ಟಿನ ಪುಸ್ತಕಗಳನ್ನು ಮಾಡಿರುವುದೇ ಇದಕ್ಕಾಗಿ.

ವಾಹನಗಳ ಕುರಿತ ಇಂತಹ ಪುಸ್ತಕದಲ್ಲಿ ಬಸ್ಸಿನ ಬಾಗಿಲು ತೆರೆದರೆ ಪ್ರಯಾಣಿಕರು ಕಾಣುತ್ತಾರೆ. ಪಟ್ಟಿಯನ್ನೆಳೆದರೆ ಜೆಸಿಬಿಯ ಬಕೆಟ್ ಮೇಲೇಳುತ್ತದೆ. ಟ್ರ್ಯಾಕ್ಟರಿನ ಗಾಲಿ ಬೆರಳಿಗೆ ತಿರುಗುತ್ತದೆ. ತನ್ನ ಕೈಯ ಕೆಲಸಕ್ಕೆ ಫಲವುಂಟೆಂಬುದನ್ನು ಕೂಸು ಇಲ್ಲಿ ಅರಿಯುತ್ತದೆ. ಆರೈಕೆದಾರರು ಪಕ್ಕದಲ್ಲಿ ಕುಳಿತು “ಟ್ರ್ಯಾಕ್ಟರ್ ಎಲ್ಲಿಗೆ ಹೊರಟಿತು, ಕಂದಾ?” ಎಂದು ಕೇಳಿದಾಗ ಮಾತು ಬೆಳೆಯುತ್ತದೆ. ಊರ ರಸ್ತೆಯಲ್ಲಿ ನಿತ್ಯ ಕಾಣುವ ವಾಹನವೇ ಚಿತ್ರದಲ್ಲಿರುವುದರಿಂದ ಮಾತಿಗೆ ಬರವಿರದು.

ಖರೀದಿಸುವಾಗ ಮೂಲೆಗಳು ದುಂಡಾಗಿರಬೇಕು. ಕಳಚಿಬರುವ ಸಣ್ಣ ಭಾಗಗಳಿರಬಾರದು. ಶಬ್ದ ಹೊರಡಿಸುವ ಪುಸ್ತಕಗಳಲ್ಲಿ ಬಟನ್ ಬ್ಯಾಟರಿ ಇರುವುದುಂಟು. ಕೂಸು ಅದನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳಕ್ಕೆ ತೀವ್ರ ಸುಟ್ಟಗಾಯವಾಗಬಹುದು. ಆದುದರಿಂದ ಬ್ಯಾಟರಿಯಿಲ್ಲದ ಪುಸ್ತಕಗಳೇ ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪುಸ್ತಕ ಹರಿದರೆ ತಮ್ಮಿಂದ ವಸೂಲಾದೀತೆಂಬ ಅಂಜಿಕೆಯಿದ್ದಲ್ಲಿ ಅದು ಬೀರುವಿನ ಬೀಗದೊಳಗೆ ಸೇರುತ್ತದೆ. ಆಗ ದಾಸ್ತಾನು ವಹಿಯಲ್ಲಿ ಸಂಖ್ಯೆ ಸರಿಯಿರುತ್ತದೆ; ಕೂಸಿನ ಕೈ ಬರಿದಾಗಿರುತ್ತದೆ. ಬಳಕೆಯಿಂದ ಸವೆದ ಪುಸ್ತಕಗಳಿಗೆ ಆರೈಕೆದಾರರನ್ನು ಹೊಣೆಯಾಗಿಸದಿರುವ ವಿಷಯವನ್ನು ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ನಿಯಮಾನುಸಾರ ನಿರ್ಣಯ ಕೈಗೊಳ್ಳುವುದು ಸೂಕ್ತ. ಮುಂದಿನ ಭೇಟಿಯಲ್ಲಿ ಇನ್ನೂ ಹೊಸದಾಗಿ ಹೊಳೆಯುವ ಪುಸ್ತಕ ಕಂಡುಬಂದರೆ, ಸದಸ್ಯರು ಮೆಚ್ಚಿ ಮರಳದೆ, ಅದನ್ನು ಮಕ್ಕಳ ನಡುವೆ ಇರಿಸಿ ಬರಬೇಕು.