ಸ್ವೀಡನ್‌ನವರು ಪುಕ್ಕಟೆ ಕೊಟ್ಟ ಬೆಲ್ಟು

ವೋಲ್ವೋ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಬಸ್ಸು ಅಲ್ವಾ? ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್‌ಗೆ ಹೋಗೋ ಎಸಿ ಬಸ್ಸು. ರಾತ್ರಿ ಹತ್ತಿ ಮಲಗಿದ್ರೆ ಬೆಳಗ್ಗೆ ಮಂಗಳೂರಲ್ಲಿ ಇಳಿಸೋ ಬಸ್ಸು. ನಮ್ಮ ಹೊಸಕೋಟೆಯಲ್ಲೇ ಅದರ ಕಾರ್ಖಾನೆ ಇರೋದ್ರಿಂದ ವೋಲ್ವೋ ನಮಗೆ ಮನೆಮಾತಾಗಿದೆ. ಆದ್ರೆ ಇವತ್ತು ನಾನು ಹೇಳೋದು ಬಸ್ಸಿನ ಕಥೆಯಲ್ಲ, ಕಾರಿನ ಕಥೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

1927ರ ಏಪ್ರಿಲ್ 14. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಮೊದಲ ವೋಲ್ವೋ ಕಾರು ಹೊರಬಂತು. ಕಟ್ಟಿದವರು ಇಬ್ಬರು: ಅಸ್ಸಾರ್ ಗೇಬ್ರಿಯಲ್ಸನ್ ಮತ್ತು ಗುಸ್ತಾಫ್ ಲಾರ್ಸನ್. ಲ್ಯಾಟಿನ್ ಭಾಷೆಯಲ್ಲಿ ವೋಲ್ವೋ ಅಂದ್ರೆ ‘ನಾನು ಉರುಳುತ್ತೇನೆ’ ಅಂತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ಕಂಪನಿಯ ಪಿವಿ 444 ಸಾಮಾನ್ಯ ಜನರ ಕಾರಾಯಿತು. 1956ರಲ್ಲಿ ಅಮೆಜಾನ್ ಬಂತು. ಆನ್‌ಲೈನ್ ಅಂಗಡಿ ಅಲ್ಲ, ಅದೇ ಹೆಸರಿನ ಚೆಂದದ ಕಾರು.

ಅದೇ ದೇಶದಲ್ಲಿ ಇನ್ನೊಂದು ಕಂಪನಿಯಿತ್ತು, ಸಾಬ್. ಅವರದು ಯುದ್ಧವಿಮಾನ ಮಾಡೋ ಕೆಲಸ. ಯುದ್ಧ ಮುಗಿದಾಗ ಬೇರೆ ಕಸುಬು ಬೇಕಾಯಿತು, ಕಾರಿಗೆ ಕೈ ಹಾಕಿದರು. 1949ರ ಕೊನೆಗೆ ತಯಾರಿಕೆ ಶುರುವಾದ ಸಾಬ್ 92 ಕಾರನ್ನು ಪಕ್ಕದಿಂದ ನೋಡಿದರೆ ವಿಮಾನದ ರೆಕ್ಕೆ ನೆನಪಾಗುತ್ತೆ. ಎಂಜಿನ್ ಮಾತ್ರ ನಮ್ಮ ಮೈಸೂರಿನ ಜಾವಾ ಬೈಕಿನ ಥರ ಟು-ಸ್ಟ್ರೋಕ್, ಶಕ್ತಿ ಬರೀ 25 ಅಶ್ವಶಕ್ತಿ. ಆದ್ರೆ ಇದರ ತಮ್ಮನಂತಿದ್ದ ಸಾಬ್ 96 ಓಡಿಸಿದ ಎರಿಕ್ ಕಾರ್ಲ್‌ಸನ್, 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದುಬಿಟ್ಟ!

ಈಗ ಈ ಎರಡೂ ಕಂಪನಿಗಳನ್ನು ಬೆಸೆಯೋ ಮನುಷ್ಯನ ಕಡೆಗೆ ಬರೋಣ. ಹೆಸರು ನಿಲ್ಸ್ ಬೋಲಿನ್. ಸಾಬ್‌ನಲ್ಲಿ ಆತ ಮಾಡ್ತಿದ್ದಿದ್ದು ಎಜೆಕ್ಷನ್ ಸೀಟು. ವಿಮಾನ ಅಪಾಯಕ್ಕೆ ಸಿಲುಕಿದಾಗ ಪೈಲಟ್‌ನನ್ನು ಹೊರಗೆ ಚಿಮ್ಮಿಸೋ ಸೀಟದು. 1958ರಲ್ಲಿ ವೋಲ್ವೋ ಆತನನ್ನು ಸುರಕ್ಷತಾ ಎಂಜಿನಿಯರ್ ಆಗಿ ಕರೆದುಕೊಂಡಿತು. ಅಲ್ಲಿಯವರೆಗೆ ಮನುಷ್ಯನನ್ನು ಹೊರಗೆ ಎಸೆಯೋ ಲೆಕ್ಕ ಹಾಕ್ತಿದ್ದವನು, ಒಳಗೇ ಹಿಡಿದಿಡೋ ಲೆಕ್ಕಕ್ಕೆ ಕೂತ.

ಆಗ ಕೆಲವು ಕಾರುಗಳಲ್ಲಿ ಸೊಂಟಕ್ಕೆ ಸುತ್ತೋ ಬೆಲ್ಟ್ ಇತ್ತು. ಡಿಕ್ಕಿಯಾದರೆ ಮೇಲ್ಭಾಗದ ದೇಹ ಮುಂದಕ್ಕೆ ಬಾಗಿ ಹೊಟ್ಟೆಯೊಳಗಿನ ಅಂಗಾಂಗಗಳಿಗೇ ಏಟು ಬೀಳ್ತಿತ್ತು. ಬೋಲಿನ್ ಮಾಡಿದ್ದು ಸರಳ. ಒಂದು ಪಟ್ಟಿ ಎದೆಯ ಮೇಲೆ ಓರೆಯಾಗಿ, ಇನ್ನೊಂದು ಸೊಂಟಕ್ಕೆ ಅಡ್ಡವಾಗಿ. ಎರಡೂ ಸೇರೋದು ಪಕ್ಕದಲ್ಲಿ, ಸೊಂಟದ ಹತ್ತಿರ. ಒಂದೇ ಕೈಯಲ್ಲಿ ಹಾಕಬಹುದು. 1959ರಲ್ಲಿ ಅಮೆಜಾನ್ ಮತ್ತು ಪಿವಿ 544 ಕಾರುಗಳಲ್ಲಿ ಈ ಬೆಲ್ಟ್ ಬಂತು.

ಈಗ ಗಮನಿಸಿ. ವೋಲ್ವೋ ಇದಕ್ಕೆ ಪೇಟೆಂಟ್ ತಗೊಂಡಿತ್ತು. ಪ್ರತಿ ಕಂಪನಿಯಿಂದ ರಾಯಲ್ಟಿ ವಸೂಲಿ ಮಾಡಬಹುದಿತ್ತು. ಮಾಡಲಿಲ್ಲ. ಯಾರು ಬೇಕಾದ್ರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟಿತು. ಇವತ್ತು ನಿಮ್ಮ ಮನೆ ಮುಂದೆ ನಿಂತಿರೋ ಕಾರು ಯಾವ ಕಂಪನಿಯದ್ದೇ ಇರಲಿ, ಅದರೊಳಗಿನ ಬೆಲ್ಟ್ ಬೋಲಿನ್‌ನದ್ದು.

ಆಮೇಲೂ ಒಳ್ಳೊಳ್ಳೆ ಕಾರುಗಳು ಬಂದವು. ಪಿ1800 ಎಂಬ ಸುಂದರಿ ಬಂದಳು. ಅಮೆರಿಕದ ಇರ್ವ್ ಗೋರ್ಡನ್ ತನ್ನ 1966ರ ಪಿ1800 ಕಾರೊಂದನ್ನೇ 30 ಲಕ್ಷ ಮೈಲಿಗೂ ಹೆಚ್ಚು ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಬೆಂಕಿಪೆಟ್ಟಿಗೆ ಆಕಾರದ 240 ಬಂತು, 1974ರಿಂದ 1993ರವರೆಗೆ ತಯಾರಾಯಿತು. ಸಾಬ್ ಟರ್ಬೊ ಕಾರುಗಳಿಗೆ ಹೆಸರಾಯಿತು. ಕೊನೆಗೆ ವ್ಯಾಪಾರದ ಲೆಕ್ಕ ಯಾರನ್ನೂ ಬಿಡಲಿಲ್ಲ. ವೋಲ್ವೋ ಕಾರು ವಿಭಾಗ 1999ರಲ್ಲಿ ಫೋರ್ಡ್ ಪಾಲಾಯಿತು, 2010ರಲ್ಲಿ ಚೀನಾದ ಗೀಲಿ ಪಾಲಾಯಿತು. 2011ರ ಡಿಸೆಂಬರ್‌ನಲ್ಲಿ ಸಾಬ್ ಕಾರು ಕಂಪನಿ ದಿವಾಳಿಯಾಯಿತು. ಕಾರುಗಳು ಹಳತಾದವು, ಮಾಲೀಕರು ಬದಲಾದರು. ಆ ಎರಡು ಪಟ್ಟಿ ಮಾತ್ರ ಜಗತ್ತಿನ ತುಂಬಾ ಉಳಿಯಿತು.

ಹಾಗಾದ್ರೆ ನಾವು ಆ ಉಡುಗೊರೆಯನ್ನು ಏನು ಮಾಡಿದ್ವಿ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 16,715 ಜನ ಸೀಟ್ ಬೆಲ್ಟ್ ಹಾಕಿರಲಿಲ್ಲ. ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಡ್ರೈವರ್‌ಗಳಲ್ಲ, ಜೊತೆಯಲ್ಲಿ ಕೂತಿದ್ದವರು. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಅಂತ ಕಾನೂನಿದೆ, ಸಾವಿರ ರೂಪಾಯಿ ದಂಡವೂ ಇದೆ. ನಾವು ಮಾತ್ರ ಕಾರು ತಂದ ವಾರದಲ್ಲೇ ಸೀಟ್ ಕವರ್ ಹಾಕಿಸಿ, ಹಿಂದಿನ ಬಕಲ್‌ಗಳನ್ನು ಅದರಡಿಗೆ ತಳ್ಳಿಬಿಡ್ತೀವಿ.

ಈಗ ನನ್ನ ತಪ್ಪೊಪ್ಪಿಗೆ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ ಗೋಡೆಗೆ ಗುದ್ದೋದು, ಸುಮಾರು 14 ಮೀಟರ್ ಎತ್ತರದಿಂದ, ಅಂದ್ರೆ ನಾಲ್ಕನೇ ಮಹಡಿಯಿಂದ ಬಿದ್ದ ಹಾಗೆ. ಈ ಲೆಕ್ಕ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಆದ್ರೆ ನಮ್ಮಪ್ಪ, ‘ಈ ಕಾರು ಟಿಣ್ ಟಿಣ್ ಅಂತ ತಲೆ ತಿನ್ನುತ್ತೆ ಕಣೋ’ ಅಂದಾಗ, ಬಕಲ್‌ಗೆ ಸಿಕ್ಕಿಸಿದ್ರೆ ಆ ಸದ್ದು ನಿಲ್ಲಿಸೋ ಚಿಕ್ಕ ಕ್ಲಿಪ್ ಆರ್ಡರ್ ಮಾಡಿ ಕೊಟ್ಟವನೂ ನಾನೇ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆ ಕ್ಲಿಪ್‌ಗಳ ಮಾರಾಟ ನಿಲ್ಲಿಸಿ ಅಂತ ಆನ್‌ಲೈನ್ ಕಂಪನಿಗಳಿಗೆ ಆದೇಶ ಕೊಟ್ಟಿತು. ಆ ಸುದ್ದಿಯನ್ನು ಇದೇ ಸ್ಟುಡಿಯೋದಲ್ಲಿ ಕೂತು, ಗಂಭೀರ ಮುಖ ಮಾಡಿಕೊಂಡು ಓದಿದೆ. ಆಗ ನಮ್ಮಪ್ಪನ ಕಾರಿನಲ್ಲಿ ನಾನು ಕೊಟ್ಟ ಕ್ಲಿಪ್ ಇತ್ತು.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಮೊದಲು ಆ ಕ್ಲಿಪ್ ಕಿತ್ತು ಜೇಬಿಗೆ ಹಾಕಿಕೊಂಡೆ. ಆಮೇಲೆ ಹಿಂದಿನ ಸೀಟ್ ಕವರನ್ನು ಕತ್ತರಿಯಿಂದ ಕತ್ತರಿಸಿ ಬಕಲ್‌ಗಳನ್ನು ಹೊರಗೆ ತೆಗೆದೆ. ಹೊಸ ಕವರ್ ಹಾಳು ಮಾಡಿದೆ ಅಂತ ಅಪ್ಪ ಬೈದರು. ಅಮ್ಮ ಬೆಲ್ಟ್ ಹಾಕ್ಕೊಂಡು ನಗಾಡಿದರು: ‘ಏನೋ ಇದು, ವಿಮಾನದಲ್ಲಿ ಕೂತಂಗಾಯ್ತಲ್ಲ!’

ಅಮ್ಮನಿಗೆ ಬೋಲಿನ್ ಗೊತ್ತಿಲ್ಲ. ಆದ್ರೆ ವಿಮಾನದ ಸೀಟು ಮಾಡ್ತಿದ್ದವನೇ ಮಾಡಿದ ಬೆಲ್ಟ್ ಅದು.

ನಿಮ್ಮ ಕಾರಿನಲ್ಲೂ ಅದು ಇದೆ. ದುಡ್ಡು ಆಗಲೇ ಕೊಟ್ಟಿದ್ದೀರಿ. ಈ ಕಾರ್ಯಕ್ರಮ ಮುಗಿದ ಮೇಲೆ ಒಮ್ಮೆ ಕೆಳಗಿಳಿದು ಹೋಗಿ, ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ ಹುಡುಕಿ. ಸಿಗುತ್ತೆ. ನಾಳೆ ಮಕ್ಕಳನ್ನು ಕೂರಿಸೋದು ಅಲ್ಲೇ ಅಲ್ವಾ?