ಹೊಗೆಗೆ ಗುಡುಗಿನ ದನಿ

(ನಗರದ ವಾಚನಾಲಯವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ವಿಕ್ಟೋರಿಯಾ ಜಲಪಾತ ನೋಡಿ ಬಂದವರು ಮೊದಲು ಹೇಳುವುದು ತಾವು ಎಷ್ಟು ತೊಯ್ದೆವು ಎಂಬುದನ್ನು. ನಾನು ತೊಯ್ಯಲಿಲ್ಲ. ಅಕ್ಟೋಬರ್ ಕೊನೆಯ ವಾರ ಜಾಂಬಿಯಾದ ಲಿವಿಂಗ್‌ಸ್ಟನ್ ಪಟ್ಟಣದಿಂದ ಹೊರಟು, ಬಾಡಿಗೆಯ ರೈನ್‌ಕೋಟು ತೊಟ್ಟು ಕಮರಿಯ ಅಂಚಿಗೆ ಹೋಗಿ ನಿಂತರೆ ಎದುರಿಗಿದ್ದುದು ಕರಿಯ ಬಂಡೆಯ ಗೋಡೆ. ಅಲ್ಲೊಂದು ಇಲ್ಲೊಂದು ನೀರಿನ ಎಳೆ. ಗೈಡ್ ನಕ್ಕುಬಿಟ್ಟ. ‘ನೀರು ಬೇಕಿದ್ದರೆ ಸೇತುವೆ ದಾಟಿ ಜಿಂಬಾಬ್ವೆಗೆ ಹೋಗಿ, ಇಲ್ಲವೇ ಏಪ್ರಿಲ್‌ನಲ್ಲಿ ಬನ್ನಿ’ ಎಂದ.

ಜಲಪಾತದ ಅಗಲ 1,708 ಮೀಟರ್, ಎತ್ತರ 108 ಮೀಟರ್. ಎತ್ತರದಲ್ಲಿ ನಮ್ಮ ಜೋಗದ ಅರ್ಧಕ್ಕೂ ಕಡಿಮೆ. ಆದರೆ ಜಾಂಬೆಜಿ ನದಿಯ ಇಡೀ ಅಗಲವೇ ಒಮ್ಮೆಗೆ ಇಕ್ಕಟ್ಟಾದ ಸೀಳಿನೊಳಗೆ ಬೀಳುತ್ತದೆ. ಮೇಲ್ಗಡೆಯ ಬಯಲುಗಳಲ್ಲಿ ಬಿದ್ದ ಮಳೆ ನಿಧಾನವಾಗಿ ಹರಿದು ಬರುವುದರಿಂದ, ಅಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಪ್ರವಾಹ. ಆಗ ತುಂತುರು ಎದ್ದು ಬಹುದೂರಕ್ಕೆ ಹೊಗೆಯಂತೆ ಕಾಣುತ್ತದೆ. ಹುಣ್ಣಿಮೆಯ ರಾತ್ರಿ ಅದರಲ್ಲಿ ಕಾಮನಬಿಲ್ಲೂ ಮೂಡುತ್ತದೆ. ನವೆಂಬರ್ ಹೊತ್ತಿಗೆ ಜಾಂಬಿಯಾ ಕಡೆಯ ಅಂಚು ಒಣಗುತ್ತದೆ. 2019ರ ಬರದಲ್ಲಿ ಈ ಒಣಬಂಡೆಯ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಬರ ನಿಜವೇ. ಆದರೆ ಆ ಭಾಗ ವರ್ಷವರ್ಷವೂ ಬತ್ತುತ್ತದೆ ಎಂಬುದನ್ನು ನಮ್ಮ ವೃತ್ತಿಬಾಂಧವರಲ್ಲಿ ಹಲವರು ಬರೆಯಲಿಲ್ಲ.

ಡೇವಿಡ್ ಲಿವಿಂಗ್‌ಸ್ಟನ್ ಬಂದದ್ದೂ ಇಂಥ ಕಾಲದಲ್ಲೇ, 1855ರ ನವೆಂಬರ್ 16ರಂದು. ನೀರು ಕಡಿಮೆಯಿದ್ದುದರಿಂದಲೇ ದೋಣಿಯವರು ಆತನನ್ನು ಜಲಪಾತದ ನೆತ್ತಿಯ ಮೇಲಿರುವ ದ್ವೀಪಕ್ಕೆ ಕರೆದೊಯ್ಯಲು ಸಾಧ್ಯವಾಯಿತು. ಅಲ್ಲಿ ಮಲಗಿ ಬಗ್ಗಿ ನೋಡಿ ಆತ ಅಂದಾಜು ಮಾಡಿದ ಆಳ ಬಹಳ ಕಡಿಮೆಯದು. 1860ರಲ್ಲಿ ಮತ್ತೆ ಬಂದಾಗ ಹಗ್ಗದ ತುದಿಗೆ ಬಂದೂಕಿನ ಗುಂಡುಗಳನ್ನೂ ಬಿಳಿ ಬಟ್ಟೆಯನ್ನೂ ಕಟ್ಟಿ ಇಳಿಬಿಟ್ಟು ಅಳೆದ. ನಮ್ಮ ಶಾಲೆಯ ಪುಸ್ತಕ ಇದನ್ನು ‘ಕಂಡುಹಿಡಿದ’ ಎಂದಿತ್ತು. ದಾರಿ ತೋರಿಸಿದವರು ಕೊಲೊಲೊ ಜನ. ಅವರ ಅರಸ ಸೆಕೆಲೆಟು ಪ್ರಯಾಣಕ್ಕೆ ಆಳುಗಳನ್ನೂ ದಂತವನ್ನೂ ಕೊಟ್ಟು, ಸ್ವಲ್ಪ ದೂರ ತಾನೇ ಜೊತೆಗೆ ಬಂದಿದ್ದ. ಹೆಸರು ಮಾತ್ರ ಲಂಡನ್ನಿನ ರಾಣಿಯದಾಯಿತು.

ಕೊಲೊಲೊ ಜನ ಇದನ್ನು ಕರೆದದ್ದು ‘ಮೋಸಿ-ಓವಾ-ಟುನ್ಯಾ’, ಗುಡುಗುವ ಹೊಗೆ ಎಂದು. 1989ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸುವಾಗ ಯುನೆಸ್ಕೊ ಎರಡೂ ಹೆಸರು ಬರೆಯಿತು. ಹಾಗಾದರೆ ವಿಕ್ಟೋರಿಯಾ ಬಿಟ್ಟು ಮೋಸಿ-ಓವಾ-ಟುನ್ಯಾ ಎಂದು ಅಚ್ಚು ಹಾಕಿದರೆ ನ್ಯಾಯವಾಯಿತೇ? ನಾನೂ ಹಾಗೆಂದೇ ತಿಳಿದಿದ್ದೆ. ಆದರೆ ಕೊಲೊಲೊ ಜನರೂ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದಿಂದ ಬಂದು ಈ ಸೀಮೆಯನ್ನು ಗೆದ್ದವರು. ಅವರಿಗೂ ಮೊದಲಿದ್ದ ಟೋಂಗಾ ಜನರ ಹೆಸರು ‘ಶುಂಗು ನಮುಟಿಟಿಮಾ’, ಕುದಿಯುವ ನೀರು. ಆ ಹೆಸರನ್ನು ನಾನು ಯಾವ ಟಿಕೆಟ್ಟಿನ ಮೇಲೂ ನೋಡಲಿಲ್ಲ.

ಟೋಂಗಾ ಜನ ಕಳೆದುಕೊಂಡದ್ದು ಹೆಸರನ್ನು ಮಾತ್ರವಲ್ಲ. ಇದೇ ನದಿಗೆ ಕೆಳಗಡೆ ಕರೀಬಾ ಅಣೆಕಟ್ಟು 1959ರಲ್ಲಿ ಮುಗಿದಾಗ ಸುಮಾರು 57,000 ಟೋಂಗಾ ಜನ ಹೊಳೆದಂಡೆಯ ಊರುಗಳನ್ನು ಬಿಟ್ಟು ಹೋಗಬೇಕಾಯಿತು. ನದಿದೇವತೆ ನ್ಯಾಮಿನ್ಯಾಮಿ ಸಿಟ್ಟಾಗಿ ಅಣೆಕಟ್ಟು ಒಡೆಯುತ್ತದೆಂದು ಅವರು ನಂಬಿದ್ದರು. ಈಗ ಆ ದೇವತೆಯ ಕೆತ್ತನೆ ಪ್ರವಾಸಿಗರಿಗೆ ಮಾರಾಟದ ಸರಕು.

ಎರಡು ದೇಶಗಳ ನಡುವಿನ ಸೇತುವೆಯ ಕಥೆ ಬೇರೆ. ರೈಲಿನ ಮೇಲೆ ಜಲಪಾತದ ತುಂತುರು ಬೀಳಬೇಕೆಂಬುದು ಸೆಸಿಲ್ ರೋಡ್ಸ್ ಆಸೆ. ಆತ ಜಲಪಾತ ನೋಡದೆಯೇ 1902ರಲ್ಲಿ ತೀರಿಕೊಂಡ. ಉಕ್ಕಿನ ಭಾಗಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ ಹಡಗಿನಲ್ಲಿ ತಂದು ಜೋಡಿಸಿದರು. 1905ರಲ್ಲಿ ಉದ್ಘಾಟಿಸಿದವರು ಚಾರ್ಲ್ಸ್ ಡಾರ್ವಿನ್‌ನ ಮಗ ಜಾರ್ಜ್ ಡಾರ್ವಿನ್. 1975ರ ಆಗಸ್ಟ್‌ನಲ್ಲಿ ಈ ಸೇತುವೆಯ ಮೇಲೆ ನಿಲ್ಲಿಸಿದ ರೈಲು ಬೋಗಿಯಲ್ಲಿ ರೊಡೇಶಿಯಾದ ಇಯಾನ್ ಸ್ಮಿತ್ ಮತ್ತು ಆಫ್ರಿಕನ್ ನಾಯಕರು ಎದುರುಬದುರು ಕುಳಿತರು. ಗಡಿಗೆರೆ ಮೇಜಿನ ನಡುವೆ ಹಾಯ್ದಿತ್ತು. ತಮ್ಮ ತಮ್ಮ ಕಡೆಯಿಂದ ಬಂದು ಕೂತು, ಒಪ್ಪಂದವಾಗದೆ ಎದ್ದು ಹೋದರು. ಜಿಂಬಾಬ್ವೆ ಸ್ವತಂತ್ರವಾಗಲು 1980 ಬರಬೇಕಾಯಿತು. ಈಗ ಅದೇ ಸೇತುವೆಯಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು 111 ಮೀಟರ್ ಕೆಳಕ್ಕೆ ಹಾರುತ್ತಾರೆ. ನಾನು ಹಾರಲಿಲ್ಲ, ಯಾರೂ ಕೇಳಬೇಡಿ!

ಲಿವಿಂಗ್‌ಸ್ಟನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಆತನ ಪತ್ರಗಳಿವೆ. 1873ರಲ್ಲಿ ಆತ ಸತ್ತಾಗ ಶವವನ್ನು ಒಣಗಿಸಿ ಸಮುದ್ರ ತೀರದವರೆಗೆ ಹೊತ್ತು ನಡೆದವರಲ್ಲಿ ಚುಮಾ ಮತ್ತು ಜೇಕಬ್ ವೇನ್‌ರೈಟ್ ಕೂಡ ಇದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದ ಈ ಆಫ್ರಿಕನ್ ಹುಡುಗರಲ್ಲಿ ಚುಮಾ ಮುಂಬೈಯ ಶಾಲೆಯಲ್ಲಿ, ವೇನ್‌ರೈಟ್ ನಾಸಿಕದ ಶಾಲೆಯಲ್ಲಿ ಓದಿದವರು.

ಬಂಡೆಯ ಬಗ್ಗೆ ಒಂದು ಮಾತು. ಇಲ್ಲಿಯ ಬಸಾಲ್ಟ್ ಶಿಲೆಯಲ್ಲಿ ಅಡ್ಡಡ್ಡ ಬಿರುಕುಗಳಿವೆ. ಅವುಗಳಲ್ಲಿ ತುಂಬಿದ ಮೆದುವಾದ ಮಣ್ಣುಕಲ್ಲನ್ನು ನದಿ ಕೊರೆದು ಹಿಂದೆ ಸರಿಯುತ್ತದೆ. ಕೆಳಗಿನ ಅಂಕುಡೊಂಕು ಕಮರಿಗಳೆಲ್ಲ ಒಂದಾನೊಂದು ಕಾಲದ ಜಲಪಾತಗಳೇ. ಮರುದಿನ ಜಿಂಬಾಬ್ವೆ ಕಡೆಗೆ ದಾಟಿ ಡೆವಿಲ್ಸ್ ಕ್ಯಾಟರ್ಯಾಕ್ಟ್ ಎಂಬ ಧಾರೆಯ ಮುಂದೆ ನಿಂತೆ. ಅಂಚು ಅಲ್ಲಿ ಉಳಿದೆಡೆಗಿಂತ ತಗ್ಗು. ಮುಂದಿನ ಸೀಳು ಅಲ್ಲಿಂದಲೇ ಆರಂಭವಾಗುತ್ತದೆಂದು ಭೂವಿಜ್ಞಾನಿಗಳ ಅಂದಾಜು. ಬರಗಾಲದಲ್ಲೂ ಅಲ್ಲಿ ನೀರು ನಿಲ್ಲುವುದಿಲ್ಲ. ಹತ್ತು ನಿಮಿಷದಲ್ಲಿ ರೈನ್‌ಕೋಟಿನ ಒಳಗಿನ ಅಂಗಿಯೂ ತೊಯ್ದುಹೋಯಿತು.